ಹಾಫ್‌ಟೈಮಿನ ಫೋನು

ಮಗ ಹೃಷಿಕೇಶ ಗಂಗಾಜಲದ ಉದ್ಧರಣೆಯನ್ನು ದೇಚಮ್ಮನ ಕಡೆ ಚಾಚುತ್ತಿದ್ದಂತೆ ಸತ್ಯಭಾಮಾ ನಡುವೆ ಕೈಹಾಕಿ ಅದನ್ನು ಕಸಿದುಕೊಂಡಳು. ಎರಡು ಹನಿ ಗಂಡನ ಧೋತರದ ಮೇಲೆ ಬಿದ್ದವು.

"ಮನಿಯವ್ರದು ಇನ್ನೂ ಮುಗದಿಲ್ಲ," ಅಂದಳು.

ಮುಗಿದಿತ್ತು. ಮಗ, ಸೊಸೆ ಇಬ್ಬರೂ ಹೆಣದ ಬಾಯಿಗೆ ತುಳಸಿನೀರು ಬಿಟ್ಟಾಗಿತ್ತು. ಸತ್ಯಭಾಮೆಯೇ ಎರಡು ಸಲ ಬಿಟ್ಟಿದ್ದಳು. ಈಗ ಮೂರನೆಯ ಸಲ ಬಿಟ್ಟಳು. ನೀರು ಬಿಂದುಮಾಧವನ ಕೆನ್ನೆಗುಂಟ ಇಳಿದು ಚಾಪೆಗೆ ಸೇರಿತು. ದೇಚಮ್ಮ ಗೋಡೆಯ ಕಡೆ ಸರಿದು ನಿಂತಳು. ಎತ್ತರದ ಹೆಂಗಸು, ಅರವತ್ತೈದು ದಾಟಿದ್ದರೂ ಬೆನ್ನು ನೆಟ್ಟಗೆ. ಕೋರಾಡಿಯ ವಿದ್ಯುತ್ ಸ್ಥಾವರದ ಕಾಲನಿ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸಿ ನಿವೃತ್ತಳಾದವಳು. ಆ ನೆಟ್ಟಗಿನ ಬೆನ್ನು ಕಂಡರೇ ಸತ್ಯಭಾಮೆಗೆ ಮೈ ಉರಿಯುತ್ತಿತ್ತು. ಗಂಡನ ಹೆಣ ಮುಂದಿದೆ, ಈಗಲೂ ಉರಿಯುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಉರಿ ಮಾತ್ರ ಆರಲಿಲ್ಲ.

ಹೃಷಿಕೇಶ ತಾಯಿಯ ಕಿವಿಯ ಹತ್ತಿರ ಬಗ್ಗಿದ. "ಅಮ್ಮ, ಟೀಚರ್ ಮೆಟ್ರೋ ಹಿಡದು ಅಷ್ಟು ದೂರದಿಂದ ಬಂದಾರ."

"ಬಂದಾರ. ನೋಡೇನಿ."

*

ಬಿಂದುಮಾಧವ ಕೋರಾಡಿಯ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಜೀವಮಾನವಿಡೀ ಮೀಟರು ನೋಡಿದವ. ನಿವೃತ್ತಿಯಾಗಿ ನಾಗಪುರದ ಫ್ಲ್ಯಾಟಿಗೆ ಬಂದ ಮೇಲೆ ನೋಡಲು ಬೇರೆ ಏನಾದರೂ ಬೇಕಿತ್ತು. ಫುಟ್‌ಬಾಲ್ ಲೀಗು ಸಿಕ್ಕಿತು. ಗೋವಾ ಕಡೆಯ ಒಂದು ಹಳದಿ ಅಂಗಿಯ ತಂಡ ಅವನದಾಯಿತು. ನಾಗಪುರಕ್ಕೂ ಆ ತಂಡಕ್ಕೂ ಏನು ನೆಂಟಸ್ತನ ಎಂದು ಯಾರೂ ಕೇಳುವಂತಿರಲಿಲ್ಲ.

ಪಂದ್ಯವಿದ್ದ ಸಂಜೆ ಅವನು ಟಿ.ವಿ. ಮುಂದೆ ಕುರ್ಚಿ ಎಳೆದುಕೊಂಡರೆ, ಸತ್ಯಭಾಮಾ ಅವನ ಹಿಂದೆ ನೆಲದ ಮೇಲೆ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಮೊದಮೊದಲು ಸಿಟ್ಟಿನಿಂದ ನೋಡಿದಳು. ಆಮೇಲೆ ಕಣ್ಣು ತಾನೇ ಕಲಿಯಿತು. ಚೆಂಡಿನ ಹಿಂದೆ ಓಡುವವರಿಗಿಂತ, ಓಡಿದವರು ಬಿಟ್ಟುಹೋದ ಜಾಗ ಅವಳಿಗೆ ಮೊದಲು ಕಾಣುತ್ತಿತ್ತು. ಮಂದಿ ತುಂಬಿದ ಮನೆಯಲ್ಲಿ ಯಾರು ಇನ್ನೂ ಊಟಕ್ಕೆ ಕೂತಿಲ್ಲ ಎಂದು ಗೊತ್ತಾಗುತ್ತದಲ್ಲ, ಹಾಗೆ. ಕಂಡದ್ದನ್ನು ಬಾಯಿಬಿಟ್ಟು ಅನ್ನುತ್ತಿದ್ದಳು. ಅವನು ತಿರುಗದೆ "ಹ್ಞಾಂ" ಅನ್ನುತ್ತಿದ್ದ, ಅಷ್ಟೇ.

ಹಾಫ್‌ಟೈಮಿನ ಸೀಟಿ ಊದಿದರೆ ಮಾತ್ರ ಆಸಾಮಿಯೇ ಬೇರೆ. ಫೋನು ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಗಾಜಿನಾಚೆ ಅವನ ಕೈ ಆಡುತ್ತಿತ್ತು, ನಗುತ್ತಿದ್ದ, ತಲೆಯಾಡಿಸುತ್ತಿದ್ದ. ಫೋನಿನ ಆ ತುದಿಗೆ ದೇಚಮ್ಮ. ಹಾಫ್‌ಟೈಮು ಹದಿನೈದು ನಿಮಿಷ. ಮದುವೆಯಾಗಿ ಇಷ್ಟು ವರ್ಷದಲ್ಲಿ ತನ್ನ ಜೊತೆ ಹೀಗೆ ಒಂದೇ ಸಮನೆ ಹದಿನೈದು ನಿಮಿಷ ಮಾತಾಡಿದ್ದು ಯಾವಾಗ ಎಂದು ಸತ್ಯಭಾಮಾ ನೆನಪು ಮಾಡಿಕೊಳ್ಳಲು ಹೋಗಿ ಬಿಟ್ಟುಬಿಟ್ಟಳು. ಬದಲಿಗೆ, ಸೀಟಿ ಊದುವ ಹೊತ್ತಿಗೆ ಸರಿಯಾಗಿ ಒಲೆಯ ಮೇಲೆ ಕುಕ್ಕರ್ ಇಡಲು ಶುರು ಮಾಡಿದಳು. ಅಡಿಗೆಮನೆಯ ಕಿಟಕಿ ಬಾಲ್ಕನಿಗೆ ಹತ್ತಿರ. ಕುಕ್ಕರ್ ಕೂಗಿದರೆ ಅವರ ಮಾತು ಮುರಿದೀತು ಎಂದು. ಅವನು ಒಂದು ಕಿವಿ ಮುಚ್ಚಿಕೊಂಡು ಮಾತು ಮುಂದುವರಿಸುತ್ತಿದ್ದ. ಬೇಳೆ ಕರಗಿ ನೀರಾಗುತ್ತಿತ್ತು.

ನನ್ನ ಜೊತೆ ಯಾಕೆ ಆ ಮಾತು ಆಡುವುದಿಲ್ಲ ಎಂದು ಒಮ್ಮೆ ಕೇಳಿಯೂ ಕೇಳಿದಳು.

"ನಿನಗ ಅದರಾಗಿಂದು ಏನ್ ತಿಳೀತದ," ಎಂದು ನಕ್ಕಿದ್ದ.

ನಿನ್ನೆ ಸಂಜೆಯೂ ಸೀಟಿ ಊದಿತು. ಅದಕ್ಕೆ ತುಸು ಮುಂಚೆ ಅವಳು ಏನೋ ಅಂದಿದ್ದಳು, ಅವನು "ಹ್ಞಾಂ" ಅಂದಿದ್ದ. ಎದ್ದು, ಫೋನು ಹಚ್ಚಿ, ಬಾಲ್ಕನಿಯ ಬಾಗಿಲಿಗೆ ಕೈಯಿಟ್ಟವನು ಅಲ್ಲಿಯೇ ಕುಸಿದ. ಆ "ಹ್ಞಾಂ" ಅನ್ನುವುದೇ ಅವನ ಕೊನೆಯ ಮಾತಾಯಿತು.

*

ಗಂಡಸರು ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದರು. ಕಂಟ್ರೋಲ್ ರೂಮಿನ ಹಳೆಯ ಜೊತೆಗಾರ ಉಮಾಕಾಂತ ಬಾಗಿಲಲ್ಲಿ ನಿಂತು, ಮಾಧವನಿಗೆ ಆಟದ ಹುಚ್ಚು ಎಷ್ಟಿತ್ತೆಂದು ಯಾರಿಗೋ ಹೇಳುತ್ತಿದ್ದ. ದೇಚಮ್ಮ ತಡೆದಳು.

"ಹುಚ್ಚಲ್ಲ, ಕಣ್ಣು. ನಾನು ಕೋಚಿಂಗ್ ಕಲಿತವಳು, ನನಗೇ ಕಾಣದ್ದು ಅವರಿಗೆ ಕಾಣ್ತಿತ್ತು. ಅದನ್ನ ಹೇಳ್ತಿದ್ದ ರೀತೀನೇ ಬೇರೆ. ಎಡಗಡೆ ಡಿಫೆಂಡರ್ ತೇಜಸ್ ಇದ್ದಾನಲ್ಲ, ಒಲೆ ಮೇಲೆ ಹಾಲಿಟ್ಟು ಬಾಗಿಲಿಗೆ ಓಡೋ ಸೊಸೆ ಹಾಗೆ ಅವನು ಅಂತಿದ್ರು. ನಡುವೆ ಆಡೋನು ಸಾರಿಗೆ ಎರಡು ಸಲ ಉಪ್ಪು ಹಾಕ್ತಾನಂತೆ, ಕೊಟ್ಟುಬಿಡಬೇಕಾದ ಚೆಂಡನ್ನ ಇನ್ನೊಂದ್ಸಲ ಮುಟ್ಟಿ ಕೆಡಿಸ್ತಾನಂತೆ."

ಸುತ್ತ ನಿಂತವರು ತಲೆದೂಗಿದರು. ಹೂವಿನ ಬುಟ್ಟಿ ಹಿಡಿದಿದ್ದ ಸತ್ಯಭಾಮಾ ಹಾಗೇ ನಿಂತುಬಿಟ್ಟಳು.

ಬಿಂದುಮಾಧವ ಜನ್ಮದಲ್ಲಿ ಹಾಲು ಕಾಸಿದವನಲ್ಲ. ಸಾರಿಗೆ ಉಪ್ಪು ಯಾವಾಗ ಹಾಕುತ್ತಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವು ತನ್ನ ಮಾತು, ಒಂದಕ್ಷರ ಆಚೀಚೆ ಇಲ್ಲ. ತಿರುಗದೆ ಹ್ಞಾಂ ಅನ್ನುತ್ತಿದ್ದವನು ಒಂದನ್ನೂ ಬಿಡದೆ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡು ಬಾಲ್ಕನಿಗೆ ಒಯ್ದು, ಈ ಹೆಂಗಸಿಗೆ ತನ್ನದೆಂದು ಕೊಟ್ಟಿದ್ದ. ಸಂತೋಷಪಡಬೇಕೋ, ಅವನ ಹೆಗಲು ಹಿಡಿದು ಅಲುಗಾಡಿಸಿ ಎಬ್ಬಿಸಿ ಕೇಳಬೇಕೋ ಅವಳಿಗೆ ತಿಳಿಯಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಇಷ್ಟು ದಿನ ಗಂಡನೊಬ್ಬನೇ ಆ ಕಡೆ ಹೋಗುತ್ತಾನೆಂದುಕೊಂಡಿದ್ದಳು. ನೋಡಿದರೆ ತನ್ನ ಮಾತುಗಳೂ ಹೋಗಿದ್ದವು.

"ಚಲೋ, ಎತ್ರಿ ಜಲ್ದಿ, ಬಿಸಿಲಾಗ್ತದ," ಅಂದ ಉಮಾಕಾಂತ. ಎತ್ತಿದರು. ಬುಟ್ಟಿಯ ಹೂವು ಬುಟ್ಟಿಯಲ್ಲೇ ಉಳಿಯಿತು.

*

ಗಂಡಸರೆಲ್ಲ ಸ್ಮಶಾನದ ಘಾಟಿಗೆ ಹೋದ ಮೇಲೆ ಸೊಸೆ ನೆಲ ತೊಳೆದು, ತಲೆ ಇದ್ದ ಕಡೆ ದೀಪ ಹಚ್ಚಿಟ್ಟು ಸ್ನಾನಕ್ಕೆ ಹೋದಳು. ಪಕ್ಕದ ಮನೆಯ ಬೇಬಿ ಮಾವಶಿ ಕೆಟಲಿನಲ್ಲಿ ಚಹಾ, ಒಂದಿಷ್ಟು ಸ್ಟೀಲ್ ಲೋಟ ತಂದಳು. ಸತ್ಯಭಾಮೆಗೂ ದೇಚಮ್ಮನಿಗೂ ಬಗ್ಗಿಸಿ ಕೊಟ್ಟು, ಮಧ್ಯಾಹ್ನದ ಊಟವೂ ತನ್ನ ಮನೆಯಿಂದಲೇ ಎಂದು ಹೇಳಿ ಹೋದಳು. ದೇಚಮ್ಮ ಎದುರಿಗೆ ಬಂದು ನೆಲದ ಮೇಲೆ ಕೂತಳು. ಈಗ ಅವಳ ಬೆನ್ನು ಬಾಗಿತ್ತು.

"ನಿನ್ನೆ ಫೋನ್ ಬಂತು. ಹಲೋ ಅಂದೆ, ಮಾತಿಲ್ಲ. ನೆಟ್‌ವರ್ಕ್ ಇಲ್ಲ ಅಂದ್ಕೊಂಡೆ. ಅವರಿಲ್ಲಿ ಬಿದ್ದಿದ್ರೆ, ನಾನಲ್ಲಿ ಎರಡನೇ ಹಾಫ್ ಪೂರ್ತಿ ಕೂತು ನೋಡ್ದೆ."

ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮೋರು ಎರಡು ಗೋಲು ತಿಂದ್ರು. ಎರಡೂ ಎಡಗಡೆಯಿಂದ. ಹಾಗಾಗುತ್ತೆ ಅಂತ ಮೊದಲೇ ಹೇಳೋಕೆ ಫೋನ್ ಮಾಡಿದ್ರು ಅನ್ಸುತ್ತೆ. ಏನು ಹೇಳ್ಬೇಕಂತಿದ್ರು ಅಂತ ನಿಮಗೇನಾದ್ರೂ ಗೊತ್ತಾ? ಅದೊಂದು ತಿಳಿದ್ರೆ ಸಾಕಿತ್ತು ನನಗೆ."

ಗೊತ್ತಿತ್ತು. ಗೊತ್ತಿಲ್ಲ ಅಂದುಬಿಟ್ಟರೆ ಈ ಹೆಂಗಸು ಬದುಕಿರುವ ತನಕ ಆ ಮಾತಿಗಾಗಿ ಕಾಯುತ್ತಾ ಇರುತ್ತಾಳೆ. ಕಾಯಲಿ, ನಾನು ಕಾದಿಲ್ಲವೇ ಅನ್ನಿಸಿತು. "ಇಲ್ಲ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗಂದರೆ ಆ ಮಾತು ಕೊನೆಗೂ ಅವನದೇ ಆಗಿ ಉಳಿಯುತ್ತದೆ. ಇದೊಂದನ್ನೂ ಅವನಿಗೆ ಬಿಟ್ಟುಕೊಡಲು ಸತ್ಯಭಾಮೆಗೆ ಮನಸ್ಸಾಗಲಿಲ್ಲ.

"ಅವರು ಹೇಳೂದು ಏನೂ ಇರಲಿಲ್ಲ ಟೀಚರ್. ನಾ ಹೇಳಿದ್ದೆ. ಹಾಲಿಂದು, ಉಪ್ಪಿಂದು, ಎಲ್ಲಾ ನಂದ. ಅವರು ನಿಮಗ ಮುಟ್ಟಸ್ತಿದ್ರು, ಅಷ್ಟ."

"ಎಲ್ಲಾನೂ?"

"ಎಲ್ಲಾನೂ."

ದೇಚಮ್ಮನ ಮುಖ ಸಣ್ಣದಾಯಿತು. ಸತ್ಯಭಾಮೆಗೆ ಅದು ಬಹಳ ಪರಿಚಯದ ಮುಖ. ಎಷ್ಟೋ ಸಂಜೆ ಬಾಲ್ಕನಿಯ ಗಾಜಿನಲ್ಲಿ ತನ್ನದೇ ಆಗಿ ಕಂಡಿದ್ದಳು.

ಖಾಲಿ ಲೋಟಗಳಲ್ಲಿ ನಾಲ್ಕನ್ನು ತೆಗೆದು ದೀಪದ ಮುಂದೆ ನಾಲ್ವರು ಡಿಫೆಂಡರುಗಳ ಹಾಗೆ ಸಾಲಾಗಿ ಇಟ್ಟಳು. ಎಡತುದಿಯದನ್ನು ಬೆರಳಿನಿಂದ ಮುಂದೆ ನೂಕಿದಳು.

"ನೋಡ್ರಿಲ್ಲೆ. ತೇಜಸ್ ತಾನಾಗಿ ಮುಂದ ಹೋಗೂದಲ್ಲ. ಎದುರಿನವರು ಬೇಕಂತ ಕರೀಲಿಕ್ಕತ್ತಾರ, ಹಿಂದ ಜಾಗಾ ಖಾಲಿ ಆಗ್ಲಿ ಅಂತ. ಇದನ್ನ ಹೇಳಿದ್ದೆ ನಿನ್ನೆ."

ಬಿಂದುಮಾಧವ ಮಲಗಿದ್ದ ಒದ್ದೆ ನೆಲದಲ್ಲಿ ಒಂದು ಲೋಟದಷ್ಟು ಜಾಗ ಖಾಲಿಯಾಗಿತ್ತು. ದೇಚಮ್ಮ ಅದನ್ನೇ ನೋಡಿದಳು. "ಬರೋಬರ್," ಅಂದಳು ಮೆಲ್ಲಗೆ. ಆಮೇಲೆ, ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಧಾಟಿಯಲ್ಲೇ, ಹೀಗಾದಾಗ ನಡುವೆ ಆಡುವವನು ಹಿಂದೆ ಬಂದು ತುಂಬಬೇಕು ಎನ್ನುತ್ತ, ಅರ್ಧ ಕುಡಿದ ತನ್ನ ಚಹಾದ ಲೋಟವನ್ನು ಆ ಜಾಗಕ್ಕೆ ಸರಿಸಿದಳು.

ಸತ್ಯಭಾಮಾ ಆ ಲೋಟವನ್ನೆತ್ತಿ ದೇಚಮ್ಮನ ಮುಂದೆ ವಾಪಸ್ ಇಟ್ಟಳು. ಖಾಲಿ ಜಾಗದಲ್ಲಿ ತನ್ನದನ್ನು, ಇನ್ನೂ ಒಂದು ಗುಟುಕೂ ಕುಡಿಯದ್ದನ್ನು, ಇಟ್ಟಳು.