ಯಾರನ್ನ ಕೇಳಿದ್ರೂ ಹೇಳ್ತಾರೆ

ಸೀದಿ ಗಾಬರ್ ಸ್ಟೇಷನ್ನಿನಲ್ಲಿ ಕಾಲಿಡುವ ಹೊತ್ತಿಗೇ ತಫೀದಾಳ ಪಿತ್ತ ನೆತ್ತಿಗೇರಿತ್ತು. ರೈಲು ತಡವಾಗಿತ್ತು. ಎದುರಿಗೆ ಕೂತಿದ್ದ ಸಿಪಾಯಿ ಮೇಲ್ನಾಡಿನ ಗಿರ್ಗಾದಿಂದ ಅಲೆಕ್ಸಾಂಡ್ರಿಯಾದವರೆಗೂ ಕುಂಬಳಬೀಜ ಕಡಿದು ಸಿಪ್ಪೆಯನ್ನೆಲ್ಲ ಅವಳ ಕಾಲಬುಡಕ್ಕೇ ಉಗಿದಿದ್ದ. ಇಷ್ಟಾಗಿ ಇಳಿದರೆ, ಕರೆದುಕೊಂಡು ಹೋಗಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಬರುವುದಿಲ್ಲ ಎಂದು ಭಾವ ಶಾಕಿರ್ ಮೊದಲೇ ಹೇಳಿದ್ದ. ಹಿಂದಿನ ಸಂಜೆ ಗಿರ್ಗಾದ ಔಷಧಿ ಅಂಗಡಿಗೆ ಫೋನ್ ಮಾಡಿ ಅವಳನ್ನು ಕರೆಸಿದ್ದ. ಆಗಿನ್ನೂ ಎಲ್ಲರ ಜೇಬಿಗೂ ಫೋನು ಬಂದಿರಲಿಲ್ಲ.

"ಇನ್ಸಾಫ್ ಹೋಗ್ಬಿಟ್ಲು ತಫೀದಾ. ನಾಳೆ ಮಧ್ಯಾಹ್ನದ ನಮಾಜ್ ಮುಗೀತಿದ್ದ ಹಾಗೇ ಮಣ್ಣು. ನನಗಿಲ್ಲಿ ನೂರೆಂಟು ಓಡಾಟ, ಸ್ಟೇಷನ್ನಿಗೆ ಬರೋಕಾಗಲ್ಲ. ಟ್ರಾಮ್ ಹತ್ತಿ ಬಕೂಸ್‌ನಲ್ಲಿ ಇಳಿ. ಬಣ್ಣಗಾರರ ಓಣಿ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ."

"ಭಾವಾ, ನಾ ಬರೂತನ ಅಕ್ಕನ ಮೈ ಯಾರೂ ಮುಟ್ಟಬ್ಯಾಡ್ರಿ. ನೀರು ನಾನಽ ಹಾಕಬೇಕು."

"ಗೊತ್ತು ಕಣಮ್ಮ. ಆದ್ರೆ ನಮಾಜು ಯಾರಿಗೂ ಕಾಯಲ್ಲ. ಬೇಗ ಬಾ."

ಕಂಕುಳಲ್ಲಿದ್ದ ಗಂಟಿನಲ್ಲಿ ಎಲಚಿ ಎಲೆ ಇತ್ತು. ಹೆಣದ ಸ್ನಾನದ ನೀರಿಗೆ ಎಲಚಿ ಎಲೆ ಅರೆದು ಹಾಕದವರು ಯಾರಿದ್ದಾರೆ? ಪಟ್ಟಣದಲ್ಲಿ ಪುಡಿ ಮಾಡಿ ಪೊಟ್ಟಣದಲ್ಲಿ ಮಾರುತ್ತಾರೆ. ಆದರೆ ಇದು ಅಪ್ಪನ ಅಂಗಳದ ಮರದ್ದು. ಅಕ್ಕತಂಗಿ ಇಬ್ಬರೂ ಹುಡುಗಿಯರಾಗಿದ್ದಾಗ ಆ ಮರಕ್ಕೆ ಕಲ್ಲು ಬೀರಿ ಹಣ್ಣು ಉದುರಿಸಿ, ಹಂಚಿಕೊಳ್ಳುವಾಗ ಜುಟ್ಟು ಹಿಡಿದು ಹೊಡೆದಾಡಿದ್ದರು. ಪ್ರತಿ ಹಬ್ಬಕ್ಕೂ ಇನ್ಸಾಫಳೇ ಗಂಡನನ್ನು ಕಟ್ಟಿಕೊಂಡು ಗಿರ್ಗಾಕ್ಕೆ ಬರುತ್ತಿದ್ದಳು. ತಫೀದಾ ಈ ಊರಿನ ಮುಖ ಕಂಡವಳೇ ಅಲ್ಲ. ಹೋದ ಹಬ್ಬಕ್ಕೆ ಬಂದಾಗ ಇನ್ಸಾಫ್ ಅದೇ ಮರದ ಕೆಳಗೆ ಕೂತು, "ತಂಗೀ, ಆ ಪಟ್ಟಣದಾಗ ದುಡ್ಡು ಕೊಟ್ರ ಹೆಣ ತೊಳ್ಯಾಕ ಬರ್ತಾರ. ಗುರುತಿಲ್ಲದವರ ಕೈ ನನ್ನ ಮೈಮ್ಯಾಲೆ ಆಡಬಾರದು. ನೀನಽ ಬರಬೇಕು, ಈ ಎಲಿ ತಗೊಂಡು ಬರಬೇಕು," ಎಂದಿದ್ದಳು. ತಫೀದಾ ಅಕ್ಕನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಈಗ ಆ ಮಾತೊಂದೇ ಅವಳನ್ನು ನೆಟ್ಟಗೆ ನಿಲ್ಲಿಸಿತ್ತು.

ಸ್ಟೇಷನ್ನಿನ ಹೊರಗೆ ಟ್ಯಾಕ್ಸಿಯವರು ಮುತ್ತಿಕೊಂಡರು. ಒಂಟಿ ಗಂಡಸು ಓಡಿಸುವ ಗಾಡಿಯಲ್ಲಿ ಅವಳು ಹುಟ್ಟಿದಾಗಿನಿಂದ ಕೂತಿರಲಿಲ್ಲ, ಇವತ್ತು ಕೂರುವುದೂ ಇಲ್ಲ. ಗಂಟನ್ನು ಎದೆಗವಚಿ ಅವರನ್ನೆಲ್ಲ ದಬ್ಬಿಕೊಂಡು ಟ್ರಾಮ್ ನಿಲ್ದಾಣಕ್ಕೆ ಬಂದಳು. ಅಲ್ಲೊಬ್ಬ ಪೇಪರ್ ಮಾರುತ್ತಿದ್ದ.

"ತಮ್ಮಾ, ಬಕೂಸ್‌ಗೆ ಯಾವ ಟ್ರಾಮ್?"

ಅವನು ತಲೆಯೆತ್ತಿ ಅವಳ ಕಪ್ಪು ಮೇಲುಹೊದಿಕೆಯನ್ನೂ ಗಂಟನ್ನೂ ನೋಡಿ, ಅಕ್ಕರೆಯಿಂದ ನಕ್ಕ. "ಮೇಲ್ನಾಡಿಂದ ಬಂದ್ರಾ ಹಾಜಿಯಮ್ಮಾ? ನಮ್ಮೂರಿಗೆ ಬೆಳಕು ಬಂದ ಹಾಗಾಯ್ತು. ಯಾವುದು ಬಂದ್ರೂ ಹತ್ತಿ, ಎಲ್ಲಾ ಅಲ್ಲಿಗೇ ಹೋಗೋದು."

ಬಂದದ್ದನ್ನು ಹತ್ತಿದಳು. ಹೆಂಗಸರ ಡಬ್ಬಿ. ಕಿಟಕಿಯ ಪಕ್ಕ ಮೀನಿನ ಚೀಲ ಮಡಿಲಲ್ಲಿಟ್ಟುಕೊಂಡಿದ್ದ ದಪ್ಪ ಹೆಂಗಸು ಸರಿದು ಜಾಗ ಕೊಟ್ಟಳು.

"ಎಲ್ಲಿಗೆ ಖಾಲಾ?"

"ಬಕೂಸ್‌ನ್ಯಾಗ ಬಣ್ಣಗಾರರ ಓಣಿ. ನಮ್ಮಕ್ಕ ತೀರಿಕೊಂಡಾಳ. ಮಧ್ಯಾಹ್ನದೊಳಗ ಮುಟ್ಟಬೇಕು."

ಡಬ್ಬಿಯ ತುಂಬ ಅಯ್ಯೋ, ಪಾಪ, ದೇವರು ನಿಮಗೆ ಆಯಸ್ಸು ಕೊಡಲಿ ಎಂಬ ಮಾತು ಎದ್ದಿತು. ಮೀನಿನವಳು ಕಣ್ಣೊರೆಸಿಕೊಂಡೇ ಬಿಟ್ಟಳು. "ಚಿಂತೆ ಮಾಡ್ಬೇಡಿ. ಬಣ್ಣಗಾರರ ಓಣಿ ನನಗೆ ನಮ್ಮನೆ ಅಡುಗೆಮನೆ ಇದ್ದ ಹಾಗೆ. ಸ್ಟಾಪ್ ಬಂದಾಗ ನಾನೇ ಹೇಳ್ತೀನಿ."

"ಅದು ಬೇಕರಿ ಹಿಂದಿರೋದಲ್ವಾ?" ಎಂದಳು ಹಿಂದಿನ ಸೀಟಿನವಳು.

"ಬೇಕರಿ ಹಿಂದೆ ಅಲ್ಲ ರೀ, ಶಾಲೆ ಎದುರಿಗೆ!"

"ಶಾಲೆ ಎದುರಿಗಿರೋದು ಬಡಗಿಗಳ ಓಣಿ. ನನಗೆ ಹೇಳ್ಕೊಡ್ತೀರಾ?"

ಅವರು ಜಗಳಕ್ಕೆ ಬಿದ್ದರು. ಟ್ರಾಮು ತನ್ನ ಪಾಡಿಗೆ ತಾನು ಕುಂಟುತ್ತ, ನಿಲ್ಲುತ್ತ, ಮತ್ತೆ ಕುಂಟುತ್ತ ಹೋಯಿತು. ತಫೀದಾ ಒಂದೊಂದು ಸ್ಟಾಪಿಗೂ "ಇದೇನು?" ಎಂದು ಕೇಳುವಳು, "ಇನ್ನೂ ಇದೆ, ಕೂತ್ಕೊಳ್ಳಿ" ಎಂದು ಎಲ್ಲರೂ ಒಟ್ಟಿಗೆ ಹೇಳುವರು. ಕಟ್ಟಡಗಳ ಸಂದಿಯಲ್ಲಿ ಒಮ್ಮೆ ಸಮುದ್ರ ಕಂಡಿತು. ಜೀವಮಾನದಲ್ಲಿ ಮೊದಲ ಸಲ ಸಮುದ್ರ ನೋಡಿದ ಅವಳಿಗೆ ಬಂದದ್ದು ಸಿಟ್ಟು. ಇಷ್ಟು ನೀರಿಟ್ಟುಕೊಂಡ ಊರಿನಲ್ಲಿ ನನ್ನಕ್ಕನಿಗೆ ಎರಡು ಬಿಂದಿಗೆ ಹಾಕಲು ನಾನು ಹೋಗಿ ಮುಟ್ಟಲಾರೆನೆ?

ಕೊನೆಗೆ ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಹುಬ್ಬು ಗಂಟಿಕ್ಕಿದ. "ಬಕೂಸ್? ಈ ಗಾಡಿ ಆ ಕಡೆ ಹೋಗೋದೇ ಇಲ್ಲವಲ್ಲಮ್ಮ. ಅದು ಒಂದನೇ ನಂಬರ್. ಇದು ಎರಡು. ಹಿಂದೆಯೇ ಬೇರೆ ದಾರಿ ಹಿಡೀತು."

ತಫೀದಾ ಮೀನಿನವಳ ಕಡೆ ತಿರುಗಿದಳು. "ಅಡಗಿಮನಿ ಅಂದೆಲ್ಲಬೇ! ನಿಮ್ಮನಿ ಅಡಗಿಮನಿಗೆ ಹೋಗೂ ಗಾಡಿನೂ ನಿನಗ ಗೊತ್ತಿಲ್ಲೇನು?"

"ಅಯ್ಯೋ, ನೀವು ದುಃಖದಲ್ಲಿದ್ರಿ. ಸಮಾಧಾನ ಆಗ್ಲಿ ಅಂತ ಹೇಳ್ದೆ," ಎಂದಳು ಅವಳು ಮುಖ ಸಣ್ಣದು ಮಾಡಿಕೊಂಡು.

"ನಿನ್ನ ಸಮಾಧಾನಕ್ಕ ಬೆಂಕಿ ಹಾಕ!"

ಮುಂದಿನ ಸ್ಟಾಪಿನಲ್ಲಿ ಇಳಿದಳು. ಸೂರ್ಯ ಆಗಲೇ ನೆತ್ತಿಯ ಹತ್ತಿರ ಬಂದಿದ್ದ. ರಸ್ತೆಯಲ್ಲಿ ಮಿನಿಬಸ್ಸುಗಳು ಒಂದರ ಬೆನ್ನಿಗೊಂದು ನುಗ್ಗುತ್ತಿದ್ದವು. ಹೆಂಗಸರು ಮಕ್ಕಳು ತುಂಬಿದ್ದ ಒಂದಕ್ಕೆ ಅಡ್ಡ ನಿಂತು ಕೈ ಚಾಚಿದಳು.

"ಬಕೂಸ್? ಬಣ್ಣಗಾರರ ಓಣಿ ಗೊತ್ತೈತೇನಪಾ? ಖರೇ ಹೇಳು."

"ಗೊತ್ತಿಲ್ದೆ ಏನು? ಹತ್ತಿ ತಾಯೀ, ಕಣ್ಣು ಮುಚ್ಚಿಕೊಂಡು ಬಿಡ್ತೀನಿ," ಎಂದ ಡ್ರೈವರ್. ಕಣ್ಣು ಮುಚ್ಚಿಕೊಂಡೇ ಓಡಿಸುವವನ ಹಾಗೆ ಓಡಿಸಿದ ಕೂಡ. ಸೇತುವೆ ಹತ್ತಿ ಇಳಿದು, ಯಾವುದೋ ಮಾರ್ಕೆಟ್ಟಿನ ಬಾಯಲ್ಲಿ ಬ್ರೇಕ್ ಹಾಕಿ, "ಇಲ್ಲೇ. ಬಲಕ್ಕೆ ತಿರುಗಿ, ಮೂಗಿನ ನೇರಕ್ಕೆ ನಡೀರಿ. ಯಾರನ್ನ ಕೇಳಿದ್ರೂ ಹೇಳ್ತಾರೆ," ಎಂದ.

ಆ ಮಾತು ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ಬಸ್ಸು ಆಗಲೇ ಹೊಗೆ ಕಾರಿ ಹೋಗಿತ್ತು.

ಮೂಗಿನ ನೇರಕ್ಕೆ ನಡೆದರೆ ಒಂದು ಗೋಡೆ ಸಿಕ್ಕಿತು. ಔಷಧಿ ಅಂಗಡಿಯವನು ಎಡಕ್ಕೆ ಎಂದ. ಎಡಕ್ಕೆ ಹೋದರೆ ಇಸ್ತ್ರಿ ಅಂಗಡಿಯವನು, "ಛೆ, ಯಾರು ಹೇಳಿದ್ದು ನಿಮಗೆ? ಹಿಂದಕ್ಕೆ ಹೋಗಿ, ಔಷಧಿ ಅಂಗಡಿ ದಾಟಿ" ಎಂದ. ಇಬ್ಬರೂ ಕುರ್ಚಿ ಕೊಟ್ಟರು. ಇಸ್ತ್ರಿಯವನು ನಿಂಬೆ ಶರಬತ್ತು ತರಿಸಲು ಹೊರಟ. ಒಬ್ಬನಾದರೂ ಒರಟಾಗಿ ಮಾತಾಡಿದ್ದರೆ ಅವಳಿಗೆ ಬಯ್ದಾದರೂ ಸಮಾಧಾನವಾಗುತ್ತಿತ್ತು. ಬೆಣ್ಣೆಯಂಥ ಮಾತು, ಬಂಗಾರದಂಥ ಜನ, ಹೇಳಿದ ದಾರಿ ಮಾತ್ರ ಒಂದೂ ದಾರಿಯಲ್ಲ.

ಆಗ ಬಾಂಗ್ ಕೂಗಿತು. ಮಧ್ಯಾಹ್ನದ ಬಾಂಗ್. ಒಂದು ಮಸೀದಿಯದು ಮುಗಿಯುವ ಮೊದಲೇ ಇನ್ನೊಂದರದು, ಅದರ ಮೇಲೆ ಮತ್ತೊಂದರದು. ಎದುರಿನ ಕಾಫಿ ಅಂಗಡಿಯ ಮುಂದೆ ನೀಟಾಗಿ ಅಂಗಿ ತೊಟ್ಟ ಮುದುಕನೊಬ್ಬ ಹುಕ್ಕಾ ಕೆಳಗಿಟ್ಟು ಏಳುತ್ತಿದ್ದ. ತಫೀದಾ ಅವನ ತೋಳನ್ನೇ ಹಿಡಿದುಕೊಂಡಳು.

"ಅಣ್ಣಾ, ದೇವರ ಆಣಿ, ಬಣ್ಣಗಾರರ ಓಣಿ ಎಲ್ಲೈತಿ?"

ಮುದುಕ ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ಗಂಭೀರವಾಗಿ ಕೈಯೆತ್ತಿ ತೋರಿಸಿದ. ತೋರಿಸಿದ್ದು ಅವಳು ಬಂದ ದಿಕ್ಕನ್ನೇ.

"ಸುಳ್ಳ!" ಎಂದು ಅವಳು ಕಿರುಚಿದಳು. "ಅಲ್ಲಿಂದಽ ಬಂದೇನಿ! ನಿನಗ ಗೊತ್ತಿಲ್ಲ! ಗೊತ್ತಿಲ್ಲ ಅಂತ ಹೇಳಾಕ ನಿಮ್ಮೂರಿನ ಮಂದಿಗೆ ಏನು ದಾಡಿ? ನಾಲಿಗಿ ಸೇದಿಹೋಗತೈತೇನು?"

ಮುದುಕ ನೊಂದುಕೊಂಡ. "ಏನು ಮಾತಮ್ಮ ಇದು? ದೂರದಿಂದ ಬಂದ ಹೆಂಗಸು, ದಾರಿ ಕೇಳ್ತಾಳೆ. ಗೊತ್ತಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸ್ಲಾ? ನಮ್ಮಮ್ಮ ನನ್ನನ್ನ ಹಾಗೆ ಬೆಳೆಸಿಲ್ಲ."

ತಫೀದಾಳ ಅಪ್ಪ ಆಡುತ್ತಿದ್ದದ್ದೂ ಇದೇ ಮಾತು. ದಾರಿ ಕೇಳಿದವನನ್ನು ಗೊತ್ತಿಲ್ಲ ಎಂದು ಕಳಿಸುವುದೂ ಮನೆ ಬಾಗಿಲು ಹಾಕಿಕೊಳ್ಳುವುದೂ ಒಂದೇ ಎಂದು ಅವಳನ್ನು ಬೆಳೆಸಿದ್ದರು. ಗಿರ್ಗಾದಲ್ಲಿ ಯಾರಾದರೂ ಏನಾದರೂ ಕೇಳಿದರೆ ಅವಳ ಕೈಯೂ ತಾನಾಗಿಯೇ ಮೇಲೇಳುತ್ತಿತ್ತು. ಇದು ನೆನಪಾಗಿ ಅವಳಿಗೆ ಸಿಟ್ಟು ಇಳಿಯಲಿಲ್ಲ, ಇನ್ನಷ್ಟು ಏರಿತು.

ಮತ್ತೆ ಯಾರನ್ನೂ ಕೇಳಲಿಲ್ಲ. ಸಿಕ್ಕ ಸಿಕ್ಕ ಓಣಿ ಹೊಕ್ಕು ಹೊರಬಂದಳು. ಕೊನೆಗೆ ದಾರಿ ಹೇಳಿದ್ದು ಒಂದು ಧ್ವನಿವರ್ಧಕ. ಸಾವಿನ ಮನೆಯ ಮುಂದೆ ಹಾಕುವ ಕುರಾನ್ ಓದಿನ ಕ್ಯಾಸೆಟ್ಟು ಎಲ್ಲೋ ಗೊರಗೊರ ಎನ್ನುತ್ತಿತ್ತು. ಅದರ ಬೆನ್ನು ಹತ್ತಿ ಎರಡು ತಿರುವು ತಿರುಗಿದರೆ ಎದುರಿಗೇ ಕುರ್ಚಿಗಳ ಸಾಲು, ಗಂಡಸರು, ಮನೆಯ ಬಾಗಿಲು.

ಬಾಗಿಲಿನ ಮೆಟ್ಟಿಲ ಮೇಲಿಂದ ನೀರು ಇಳಿದು ಬರುತ್ತಿತ್ತು. ಸಾಬೂನಿನ ನೊರೆ ಇನ್ನೂ ಆರಿರಲಿಲ್ಲ. ಅದರಲ್ಲಿ ಹಸಿರು ಪುಡಿ ತೇಲುತ್ತಿತ್ತು, ಪೊಟ್ಟಣದ ಪುಡಿ. ಪ್ಲಾಸ್ಟಿಕ್ ಚಪ್ಪಲಿ ಹಾಕಿದ ಅಪರಿಚಿತ ಹೆಂಗಸೊಬ್ಬಳು ಮೆಟ್ಟಿಲಿಳಿದು, ಸುಕ್ಕುಗಟ್ಟಿದ ಒದ್ದೆ ಬೆರಳನ್ನು ತನ್ನ ಲಂಗಕ್ಕೆ ಒರೆಸಿಕೊಳ್ಳುತ್ತ ಹೊರಟುಹೋದಳು.

ಅವಳ ಬೆನ್ನಿಗೇ ಚಟ್ಟ ಬಂದಿತು. ನಾಲ್ಕು ಜನರ ಹೆಗಲ ಮೇಲೆ, ಹಸಿರು ಬಟ್ಟೆ ಹೊದ್ದು. ಮುಂದಿನ ಹೆಗಲು ಭಾವ ಶಾಕಿರನದು. ತಫೀದಾಳನ್ನು ಕಂಡು ಅವನ ಮುಖ ಅಳುವಿಗೂ ಸಿಟ್ಟಿಗೂ ನಡುವೆ ಸಿಕ್ಕಿಬಿತ್ತು.

"ಎಲ್ಲಿ ಹೋಗಿದ್ದೆ ನೀನು? ಕಾದೂ ಕಾದೂ ಸಾಕಾಯ್ತು. ಮಸೀದೀಲಿ ಜನ ನಿಂತಿದಾರೆ. ಯಾರನ್ನಾದ್ರೂ ಕೇಳಬಾರದಿತ್ತಾ?"

"ಕೇಳಿದೆ."

"ಮತ್ತೆ? ಯಾರೂ ಹೇಳ್ಲಿಲ್ವಾ?"

"ಹೇಳಿದ್ರು," ಎಂದಳು ತಫೀದಾ. "ಎಲ್ಲಾರೂ ಹೇಳಿದ್ರು ಭಾವಾ. ಹೇಳದಽ ಇದ್ದಾವ ಒಬ್ಬನೂ ಇರಲಿಲ್ಲ."

ಅವಳು ಗಂಟು ಬಿಚ್ಚಿದಳು. ಬಿಸಿಲಿಗೂ ಅವಳ ಎದೆಯ ಬೆವರಿಗೂ ಎಲೆಗಳು ಬಾಡಿ ಮುದುಡಿದ್ದವು. ಚಟ್ಟಕ್ಕೆ ಅಡ್ಡ ನಿಂತು, ಎರಡೂ ಕೈ ತುಂಬ ಬಾಚಿ ಹಸಿರು ಬಟ್ಟೆಯ ಮೇಲೆ ಸುರಿದಳು. ಗಡ್ಡದವನೊಬ್ಬ, "ಇದೆಲ್ಲ ಪದ್ಧತಿಯಲ್ಲಿಲ್ಲ ತಾಯೀ" ಎಂದು ಎಲೆ ಸರಿಸಲು ಕೈ ಚಾಚಿದ.

"ಮುಟ್ಟಿ ನೋಡು! ಕೈ ಮುರೀತೀನಿ!"

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಚಟ್ಟ ಮುಂದೆ ಹೋಯಿತು. ಓಣಿಯ ತಿರುವಿನವರೆಗೂ ಒಂದೊಂದೇ ಎಲೆ ಜಾರಿ ಬೀಳುತ್ತಿತ್ತು, ಹಿಂದೆ ಹೋದವರು ಅದನ್ನು ತುಳಿದುಕೊಂಡು ಹೋದರು. ತಫೀದಾ ಒದ್ದೆ ಮೆಟ್ಟಿಲ ಮೇಲೆ ಕೂತಳು. ಅಕ್ಕನ ಮೈ ಮುಟ್ಟಿದ ನೀರು ಅವಳ ಸೀರೆಯಷ್ಟುದ್ದದ ಕಪ್ಪು ಬಟ್ಟೆಗೆ ಹತ್ತಿ ತೊಡೆಯವರೆಗೆ ತಣ್ಣಗೆ ಏರಿತು. ಏಳು ಒಳಗೆ ಬಾ ಎಂದು ಹೆಂಗಸರು ಕರೆದರೂ ಅವಳು ಏಳಲಿಲ್ಲ.

ಆಗ ಸೂಟ್‌ಕೇಸ್ ಹಿಡಿದ ಗಂಡಸೊಬ್ಬ ಓಣಿಯೊಳಗೆ ಬಂದ. ಅಂಗಿ ಬೆವತು ಬೆನ್ನಿಗಂಟಿತ್ತು. ಅವನೂ ಪರಊರಿನವನು, ನೋಡಿದರೇ ತಿಳಿಯುತ್ತಿತ್ತು.

"ಹಾಜಿಯಮ್ಮಾ, ಇಲ್ಲಿ ಹಳೇ ಹೆರಿಗೆ ಆಸ್ಪತ್ರೆ ಎಲ್ಲಿ? ನನ್ನ ಹೆಂಡ್ತೀನ ಸೇರಿಸಿದಾರೆ."

ತಫೀದಾಳ ಬಲಗೈ ತಾನಾಗಿಯೇ ಮೇಲೇಳಲು ಹೋಯಿತು. ಅದನ್ನು ಎಡಗೈಯಿಂದ ಹಿಡಿದು ಮಡಿಲಲ್ಲಿ ಅದುಮಿಕೊಂಡಳು.

"ನನಗ ಗೊತ್ತಿಲ್ಲ."

ಅವನು ಬೆಪ್ಪಾಗಿ ನಿಂತ. "ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲ."

"ಎಂಥಾ ಹೆಂಗಸಮ್ಮ ನೀವು! ಕಷ್ಟದಲ್ಲಿರೋನು ಕೇಳಿದ್ರೆ ಹೀಗಾ ಮಾತಾಡೋದು?" ಅವನ ಕಣ್ಣು ಕೆಂಪಾಯಿತು.

ಎದುರಿನ ತರಕಾರಿ ಅಂಗಡಿಯವನು ಆಗಲೇ ಗಾಡಿಯ ಹಿಂದಿನಿಂದ ಕೈಯೆತ್ತಿದ್ದ. "ಬನ್ನಿ ಸಾರ್, ನಾನು ಹೇಳ್ತೀನಿ! ಈ ಕಡೆ, ನೇರ ಹೋಗಿ, ಎರಡನೇ ತಿರುವು."

ತಫೀದಾ ಎದ್ದಳು. ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದ್ದ ಹಾಗೇ ಓಣಿ ದಾಟಿ ಗಾಡಿಯ ಮುಂದೆ ಹೋಗಿ ನಿಂತಳು.

"ಖರೇನಽ ಗೊತ್ತೈತೇನು ನಿನಗ? ಸತ್ತವರ ಮನಿ ಮುಂದ ನಿಂತೀದಿ. ಸುಳ್ಳು ಹೇಳಬ್ಯಾಡ."

ತರಕಾರಿಯವನು ಅವಳನ್ನು ನೋಡಿದ, ಮೆಟ್ಟಿಲ ನೀರನ್ನು ನೋಡಿದ. ಎತ್ತಿದ ಕೈ ನಿಧಾನವಾಗಿ ಕೆಳಗಿಳಿಯಿತು.

"ಖಂಡಿತ ಅಂತ ಹೇಳಕ್ಕಾಗಲ್ಲ ಹಾಜಿಯಮ್ಮಾ."

"ಕೇಳಿದೇನಪಾ?" ತಫೀದಾ ಸೂಟ್‌ಕೇಸಿನವನ ಕಡೆ ತಿರುಗಿದಳು. ಅವಳ ದನಿ ಮೊದಲ ಸಲ ಒಡೆಯಿತು. "ಇವಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸ್ವಲ್ಪ ನಿಂದರು. ಇದಽ ಊರಾಗ ಹುಟ್ಟಿದವರು ಒಳಗ ಇದ್ದಾರ, ಕೇಳಿ ಬರ್ತೀನಿ. ನಿನಗ ಕೈ ಮುಗೀತೀನಿ, ನಿಂದರು."

"ನನಗೆ ಹೊತ್ತಾಗ್ತಿದೆ. ನೀವೂ ನಿಮ್ಮ ಉಪಕಾರಾನೂ!" ಎಂದ ಅವನು. ತರಕಾರಿಯವನಿಗೆ, "ನಿಮಗೆ ಪುಣ್ಯ ಬರಲಿ ಅಣ್ಣಾ," ಎಂದು ಎದೆಮುಟ್ಟಿ ಹೇಳಿ, ಸೂಟ್‌ಕೇಸ್ ಎತ್ತಿಕೊಂಡು, ಆ ಕೈ ಮೊದಲು ತೋರಿಸಿದ್ದ ದಿಕ್ಕಿಗೇ ಓಡಿದ.