ಮೂರು ಸಲ ಕೂಗಿದ ಹಾರ್ನು

ನಾನು ಒಂದು ಮೋಟಾರು ಕಾರು. ನನ್ನನ್ನು ಮಾಡಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ನನಗೆ ಹೆಸರು ಬಂದದ್ದು ಮಿಲ್ಲಿನ ಹಿಂದಿನ ಓಣಿಯಲ್ಲಿ. ಮಿಷನ್ ಆಸ್ಪತ್ರೆಯ ಡಾಕ್ಟರು ಸುಗುಣಾಬಾಯಿಯವರು ನನ್ನ ಒಡತಿ. ಓಣಿಯವರಿಗೆ ನಾನು ‘ಬಾಯಾರ ಗಾಡಿ’.

ಚಾಲಕ ದಸ್ತಗೀರಸಾಬರು ಓಣಿಯ ತುದಿಯಲ್ಲಿ ನನ್ನ ರಬ್ಬರ್ ಹಾರ್ನನ್ನು ಮೂರು ಸಲ ಒತ್ತುತ್ತಿದ್ದರು. ಹೆಂಗಸರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಹೊರಗೆ ಬರುತ್ತಿದ್ದರು.

“ಔಷಧ ಕುಡೀಲಿಲ್ಲಂದ್ರ ಮೋಟಾರಿನ್ಯಾಗ ಕುಂದರ್ಸೂದಿಲ್ಲ ನೋಡು,” ಎಂದು ಫಕೀರವ್ವ ಮಗಳನ್ನು ಹೆದರಿಸುತ್ತಿದ್ದಳು. ಮಗಳು ಗಟಗಟನೆ ಕುಡಿಯುತ್ತಿದ್ದಳು.

ಯುದ್ಧ ಬಂತು. ಗಾಯಗೊಂಡವರನ್ನು ಸಾಗಿಸಲು ಮೋಟಾರು ಬೇಕೆಂದು ಸೈನ್ಯದವರು ಕೇಳಿದರು. ಬಾಯಿಯವರು ಹಿಂದಿನ ಸೀಟಿಗೆ ಹೊಸ ಹಾಸಿಗೆ ಹಾಸಿ ಕೊಟ್ಟರು. ದಸ್ತಗೀರಸಾಬರೇ ಚಾಲಕರಾಗಿ ಜೊತೆಗೆ ಬಂದರು. ನಾನು ಹೆಮ್ಮೆಯಿಂದ ಹೋದೆ.

ವರ್ಕ್‌ಶಾಪಿನಲ್ಲಿ ಮೊದಲು ಹಾಸಿಗೆ ಎಸೆದರು. ಮೈಗೆ ತೂತು ಕೊರೆದು ಬಾಯ್ಲರಿನ ದಪ್ಪ ತಗಡು ಜಡಿದರು. ಬಂದೂಕಿಗೆ ಒಂದು ಕಿಂಡಿ, ದಸ್ತಗೀರಸಾಬರ ಕಣ್ಣಿಗೆ ಒಂದು ಕಿಂಡಿ. ಅಂಥ ಗಾಡಿಯನ್ನು ಊರಿನಲ್ಲಿ ಆವರೆಗೆ ಯಾರೂ ಕಂಡಿರಲಿಲ್ಲ. ಹಾರ್ನನ್ನು ಮಾತ್ರ ಹಾಗೇ ಬಿಟ್ಟರು.

“ಇದರ ದನಿ ಕೇಳಿದ್ರ ಇಡೀ ಓಣಿ ಎದ್ದು ಬರತೈತ್ರಿ, ಸಾಹೇಬ್ರ,” ಎಂದು ದಸ್ತಗೀರಸಾಬರು ಅಧಿಕಾರಿಗೆ ಅಭಿಮಾನದಿಂದ ಹೇಳಿದರು.

ನಾನು ಯುದ್ಧಕ್ಕೆ ಹೋಗಲೇ ಇಲ್ಲ. ಮಿಲ್ಲಿನಲ್ಲಿ ಮುಷ್ಕರವಾಯಿತು. ಅದರ ಮುಂದಾಳು ರಾಚಪ್ಪ, ಫಕೀರವ್ವನ ಗಂಡ, ಓಣಿಯಲ್ಲಿ ಅಡಗಿದ್ದ. ಯಾವ ಮನೆಯಲ್ಲೆಂದು ಯಾರೂ ಹೇಳಲಿಲ್ಲ. ಅವನನ್ನು ಹೊರಗೆ ಎಳೆಯಲು ನನ್ನನ್ನು ಒಯ್ದರು. ಬಾಗಿಲುಗಳೆಲ್ಲ ಮುಚ್ಚಿದ್ದವು.

“ಹಾರ್ನ್ ಒತ್ತು,” ಎಂದ ಅಧಿಕಾರಿ.

“ಬ್ಯಾಡ್ರಿ. ಕೂಸು ಎತ್ತಿಕೊಂಡು ಬರ್ತಾರ,” ಎಂದರು ದಸ್ತಗೀರಸಾಬರು.

ಅಧಿಕಾರಿ ತಾನೇ ಕೈ ಚಾಚಿ ಒತ್ತಿದ. ಮೂರು ಸಲ.

ಒಂದು ಬಾಗಿಲು ತೆರೆಯಿತು. ಫಕೀರವ್ವ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಿ ಬಂದಳು. “ಬಾಯಾರ, ಮೈ ಕೆಂಡ ಆಗೇತ್ರಿ,” ಎಂದವಳು ತಗಡು ಕಂಡು ನಿಂತಳು. ಅವಳನ್ನು ಹಿಂದಕ್ಕೆ ಎಳೆಯಲು ರಾಚಪ್ಪ ಹೊರಗೆ ಬಂದ. ನನ್ನ ಕಿಂಡಿಯಿಂದ ಗುಂಡು ಹಾರಿತು. ರಾಚಪ್ಪ ಅಲ್ಲೇ ಬಿದ್ದು ಸತ್ತ.

ಅವಳು ಅಳಲಿಲ್ಲ. ಗಂಡನ ಪಕ್ಕದಲ್ಲಿ ಕುಳಿತು ನನ್ನ ಹಾರ್ನನ್ನೇ ನೋಡುತ್ತಿದ್ದಳು.

ಯುದ್ಧ ಮುಗಿದ ಮೇಲೆ ತಗಡು ಬಿಚ್ಚಿ ನನ್ನನ್ನು ಆಸ್ಪತ್ರೆಗೆ ಮರಳಿಸಿದರು. ಮೊದಲ ದಿನವೇ ಓಣಿಗೆ ಹೋದೆವು. ಹಾರ್ನು ಕೇಳಿ, ತೆರೆದಿದ್ದ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಅಂದಿನಿಂದ ಬಾಯಿಯವರು ಚೀಲ ಹಿಡಿದು ನಡೆದೇ ಹೋಗುತ್ತಾರೆ. ದಸ್ತಗೀರಸಾಬರು ಮತ್ತೆ ಯಾವ ಮೋಟಾರನ್ನೂ ಮುಟ್ಟಲಿಲ್ಲ.

ಈಗ ನಾನು ಆಸ್ಪತ್ರೆಯ ಗೇಟಿನ ಪಕ್ಕದಲ್ಲಿ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಮೈಯ ತೂತುಗಳಿಗೆ ತುಕ್ಕು ಹಿಡಿದಿದೆ. ನನಗೆ ಮೋಸವಾಯಿತು ಎಂದು ಬಹಳ ದಿನ ಅಂದುಕೊಂಡಿದ್ದೆ. ಆದರೆ ಅಂದು ಅವಳನ್ನು ಕರೆದದ್ದು ನನ್ನ ದನಿ.

ಫಕೀರವ್ವ ತಿಂಗಳಿಗೊಮ್ಮೆ ಮಗಳನ್ನು ಆಸ್ಪತ್ರೆಗೆ ಕರೆತರುತ್ತಾಳೆ. ಅವಳ ಮನೆಗೆ ಈ ಗೇಟೇ ಹತ್ತಿರ. ಆದರೂ ಅವಳು ಆಸ್ಪತ್ರೆಯ ಇಡೀ ಗೋಡೆಯನ್ನು ಸುತ್ತಿ ಹಿಂಬಾಗಿಲಿನಿಂದ ಬರುತ್ತಾಳೆ.