ತುಂಡು ವೈರ್

"ಬಾಯಿ ಬಿಡಪ್ಪಾ. ಕುಡಿದಿದ್ನೋ ಇಲ್ವೋ?" ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮೇಜಿನ ಮೇಲೆ ಬೆರಳು ಬಡಿದರು.

ಲಿಫ್ಟ್ ಮೆಕ್ಯಾನಿಕ್ ನೆಲ ನೋಡುತ್ತ ನಿಂತಿದ್ದ. ಸೋಫಾ ಖಾಲಿಯಿತ್ತು, ಕೂತುಕೋ ಎಂದು ಅವನಿಗೂ ಹೇಳಿರಲಿಲ್ಲ, ಬಾಗಿಲ ಬಳಿ ಗೋಡೆಗಂಟಿ ನಿಂತ ಹೆಂಗಸಿಗೂ ಹೇಳಿರಲಿಲ್ಲ. ಅವಳು ಅವನ ಕೆಲಸದ ಜೊತೆಗಾರನ ಹೆಂಡತಿ. ಗಂಡ ತೀರಿಹೋಗಿ ವಾರವೂ ಆಗಿರಲಿಲ್ಲ.

ಬಾಗಿಲು ತೆರೆದಿದ್ದರೆ ಲಿಫ್ಟ್ ಅಲುಗುವುದಿಲ್ಲ. ಅದೇ ನಂಬಿಕೆಯಲ್ಲಿ ಜೊತೆಗಾರ ಅಂದು ಬಾಗಿಲಿನ ಕೆಟ್ಟ ಬೀಗ ನೋಡಲು ಬಾಗಿಲು ತೆರೆದು ಲಿಫ್ಟ್ ಓಡಾಡುವ ಬಾವಿಯೊಳಗೆ ತಲೆ ಹಾಕಿದ್ದ. ಆ ಬೀಗ ಬೆಳಗ್ಗೆಯೇ ಕೈಕೊಟ್ಟು ಲಿಫ್ಟ್ ನಿಂತಿತ್ತು. "ನನ್ನ ಗೆಸ್ಟುಗಳನ್ನ ಮೆಟ್ಟಿಲು ಹತ್ತಿಸ್ತೀಯಾ? ಹೇಗಾದ್ರೂ ಓಡಿಸು" ಎಂದವರು ಇದೇ ಸೆಕ್ರೆಟರಿ. ಓಡಿಸಿದವನು ಮೆಕ್ಯಾನಿಕ್. ಒಂದು ತುಂಡು ವೈರ್ ಸಿಕ್ಕಿಸಿ, ತೆರೆದ ಬಾಗಿಲೂ ಮುಚ್ಚಿದೆಯೆಂದು ಯಂತ್ರವನ್ನು ನಂಬಿಸಿದ್ದ. ಜೊತೆಗಾರನಿಗೆ ಹೇಳಲು ಮರೆತ. ಕೆಳಗೆ ಯಾರೋ ಗೆಸ್ಟು ಬಟನ್ ಒತ್ತಿದರು. ಮೇಲಿಂದ ಲಿಫ್ಟ್ ಇಳಿದು ಬಂತು. ಕೂಗಾಟದ ನಡುವೆ ಮೆಕ್ಯಾನಿಕ್ ಮೊದಲು ಮಾಡಿದ್ದು ಆ ವೈರ್ ಕಿತ್ತು ಜೇಬಿಗಿಳಿಸಿದ್ದು.

ಅಂದಿನಿಂದ ಎಲ್ಲಿ ಬಾಗಿಲು ಮುಚ್ಚಿದ ಸದ್ದಾದರೂ ಅವನ ಕತ್ತು ತಾನಾಗಿಯೇ ಭುಜದೊಳಗೆ ಹೂತುಕೊಳ್ಳುತ್ತಿತ್ತು.

"ತಪ್ಪು ಯಾರದ್ದಾದ್ರೂ ಇರ್ಲೇಬೇಕಲ್ಲಪ್ಪಾ," ಸೆಕ್ರೆಟರಿ ಮೆಲ್ಲಗೆ ಅಂದರು. "ಅವನದಲ್ಲ ಅಂದ್ರೆ ನಿಂದಾ?"

ಜೊತೆಗಾರ ಕೆಮ್ಮಿನ ಔಷಧಿ ಕುಡಿಯಲಿಕ್ಕೂ ಮುಖ ಕಿವುಚುತ್ತಿದ್ದವನು.

"ವಾಸನೆ ಬರ್ತಿತ್ತು ಸಾರ್."

"ಕೇಳಿಸ್ತೇನಮ್ಮಾ? ನಾನು ಹೇಳಿದ್ರೆ ದೊಡ್ಡೋರು ಬಡವ್ರ ಮೇಲೆ ಹಾಕ್ತಾರೆ ಅಂತೀರ. ಇವನು ನಿಮ್ಮೋನೇ ತಾನೇ?"

ಇಬ್ಬರೂ ಹೊರಗೆ ಬಂದರು. ಲಿಫ್ಟಿನ ಕಡೆ ನೋಡದೆ ಅವಳು ಮೆಟ್ಟಿಲಿಳಿಯತೊಡಗಿದಳು.

"ಎಷ್ಟು ದಿನದಿಂದ ಅಣ್ಣಾ?"

"ಇತ್ತೀಚೆಗೆ ಕಣಮ್ಮಾ."

"ನೀವಾದ್ರೂ ಎರಡು ಬಿಟ್ಟು ಬುದ್ಧಿ ಹೇಳ್ಬಾರ್ದಿತ್ತಾ? ಬೇರೆ ಯಾರು ಹೇಳಿದ್ರೂ ನಾನು ನಂಬ್ತಿರ್ಲಿಲ್ಲ. ನೀವು ಹೇಳಿದ್ಮೇಲೆ ಇನ್ನೇನು."

ಕೆಳಗೆ ವಾಚ್‌ಮನ್ ಅವಳ ಕೈಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಅಂದು ಕೆಲಸಕ್ಕೆ ಇಳಿಯುವ ಮುಂಚೆ ಗಂಡ ಬಿಚ್ಚಿಟ್ಟಿದ್ದ ಅಂಗಿ. ಅವಳು ಮೆಟ್ಟಿಲ ಮೇಲೆಯೇ ಕೂತು ಅದನ್ನು ಬಿಡಿಸಿದಳು. ಕಾಲರ್ ಮೂಸಿದಳು. ತೋಳು, ಜೇಬು, ಮತ್ತೆ ಕಾಲರ್.

"ಬೆವರು, ಗ್ರೀಸು ಬಿಟ್ರೆ ನಂಗೇನೂ ಗೊತ್ತಾಗ್ತಿಲ್ಲ ಅಣ್ಣಾ. ಎಲ್ಲಿದೆ, ನೀವೇ ತೋರ್ಸಿ."

ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಮೆಕ್ಯಾನಿಕ್ ಬಗ್ಗಿ ಅಂಗಿಗೆ ಮೂಗು ಹಚ್ಚಿದ.